ಕೆಲಸ ಕೊಡುವವರ ಅನುಮಾನಕ್ಕೆ ಸರ್ಕಾರ ಹೆಗಲು ಕೊಡುವುದು ಹೇಗೆ?

ಒಂದು ಕಂಪನಿಯಲ್ಲಿ ಒಂದು ಹುದ್ದೆ ಖಾಲಿ ಇದೆ. ಎರಡು ಅರ್ಜಿ ಮುಂದಿವೆ. ಓದು ಒಂದೇ, ಅನುಭವವೂ ಹೆಚ್ಚುಕಮ್ಮಿ ಒಂದೇ. ಒಬ್ಬರು ಹೋದ ತಿಂಗಳವರೆಗೂ ಕೆಲಸದಲ್ಲಿದ್ದವರು. ಇನ್ನೊಬ್ಬರು ಒಂದೂವರೆ ವರ್ಷದಿಂದ ಮನೆಯಲ್ಲಿದ್ದಾರೆ. ಆರಿಸುವವರು ಕೆಟ್ಟವರೇನಲ್ಲ. ಆದರೂ ಅವರ ಕೈ ಮೊದಲನೆಯ ಅರ್ಜಿಯ ಕಡೆಗೇ ಹೋಗುತ್ತದೆ. "ಇಷ್ಟು ದಿನ ಇವರನ್ನು ಬೇರೆ ಯಾರೂ ಯಾಕೆ ತಗೊಂಡಿಲ್ಲ?" ಅನ್ನುವ ಒಂದು ಅನುಮಾನ ಸಾಕು.

ಇದು ಬರೀ ಊಹೆಯಲ್ಲ. ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ 100 ದೊಡ್ಡ ನಗರಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಸುಮಾರು 3,000 ಕೆಲಸದ ಜಾಹೀರಾತುಗಳಿಗೆ ಸುಮಾರು 12,000 ಕಾಲ್ಪನಿಕ ರೆಸ್ಯೂಮ್ ಕಳಿಸಿದರು. ಕೆಲಸವಿಲ್ಲದೆ ಎಷ್ಟು ತಿಂಗಳಾಗಿದೆ ಎಂಬುದನ್ನು ಒಂದೊಂದರಲ್ಲಿ ಒಂದೊಂದು ಥರ ಬರೆದಿದ್ದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಗ್ಯಾಪ್ ಉದ್ದವಾದಂತೆ ಇಂಟರ್‌ವ್ಯೂಗೆ ಕರೆ ಬರುವುದು ಕಡಿಮೆಯಾಗುತ್ತಾ ಹೋಯಿತು. ಅದರಲ್ಲೂ ಮೊದಲ ಎಂಟು ತಿಂಗಳಲ್ಲೇ ಜಾಸ್ತಿ ಇಳಿಯಿತು. ಇನ್ನೊಂದು ವಿಷಯ ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಕೆಲಸಗಳು ಸುಲಭವಾಗಿ ಸಿಗುವ ನಗರಗಳಲ್ಲಿ ಈ ಗ್ಯಾಪ್ ಇನ್ನೂ ಹೆಚ್ಚು ಹೊಡೆತ ಕೊಟ್ಟಿತ್ತು. ಎಲ್ಲರಿಗೂ ಕೆಲಸ ಸಿಗುತ್ತಿರುವಾಗ ಇವರಿಗೆ ಮಾತ್ರ ಯಾಕಿಲ್ಲ ಅನ್ನುವ ಪ್ರಶ್ನೆ ಅಲ್ಲಿ ಬೇಗ ಏಳುತ್ತದೆ, ಅಲ್ವಾ?

ಆ ಕಡೆ ಕೆಲಸ ಕಳೆದುಕೊಂಡವರ ಒಳಗೂ ಏನೋ ಕುಸಿಯುತ್ತಿರುತ್ತದೆ. ಆಸ್ಟ್ರಿಯಾದಲ್ಲಿ ಮಾರಿಯೆಂಥಾಲ್ ಎಂಬ ಪುಟ್ಟ ಊರಿತ್ತು. ಒಂದೇ ಒಂದು ಬಟ್ಟೆ ಗಿರಣಿಯನ್ನು ನಂಬಿಕೊಂಡ ಊರು. 1930ರ ಹೊತ್ತಿಗೆ ಆ ಗಿರಣಿ ಮುಚ್ಚಿತು. ಮರಿ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಟ್ಸೈಸೆಲ್ ಮತ್ತು ಅವರ ಜೊತೆಗಾರರು ಆ ಊರಿಗೆ ಹೋಗಿ ಜನರ ಬದುಕನ್ನು ಹತ್ತಿರದಿಂದ ನೋಡಿದರು. ಜನರ ಹತ್ತಿರ ಈಗ ಬೇಕಾದಷ್ಟು ಸಮಯವಿತ್ತು. ಆದರೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಶುಲ್ಕ ತೆಗೆದುಹಾಕಿದರೂ ಅಷ್ಟೇ. ಬೀದಿಯಲ್ಲಿ ಗಂಡಸರ ನಡಿಗೆಯೇ ನಿಧಾನವಾಗಿತ್ತು, ನಡುನಡುವೆ ಸುಮ್ನೆ ನಿಂತುಬಿಡುತ್ತಿದ್ದರು. ಹೆಂಗಸರಿಗೆ ಮನೆಗೆಲಸ ಉಳಿದೇ ಇತ್ತು. ಅವರ ಹೆಜ್ಜೆ ಅಷ್ಟು ನಿಧಾನವಾಗಿರಲಿಲ್ಲ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಕೆಲಸ ಕೊಡುವವರಲ್ಲಿ ಅನುಮಾನ. ಕೆಲಸ ಬೇಕಾದವರಲ್ಲಿ ಬಳಲಿಕೆ. ಒಂದು ಇನ್ನೊಂದನ್ನು ಬೆಳೆಸುತ್ತದೆ. ಸರ್ಕಾರದ ಕೈಯಲ್ಲಿ ಹಣ ಇದೆ, ಕಾನೂನು ಇದೆ. ಆದರೆ ಎಲ್ಲರಿಗೂ ಕೊಡುವಷ್ಟು ಕೆಲಸ ಇಲ್ಲ. ಕಂಪನಿಗಳಲ್ಲಿ ಕೆಲಸ ಇದೆ. ಆದರೆ ಗೊತ್ತಿಲ್ಲದವರನ್ನು ತೆಗೆದುಕೊಂಡು ನಷ್ಟವಾದರೆ ಹೊರುವುದು ಯಾರು ಎಂಬ ಭಯವೂ ಇದೆ. ಇಬ್ಬರೂ ಸೇರಿ ಮಾಡುವ ಎಲ್ಲ ಯೋಜನೆಗಳ ತಿರುಳು ಇಷ್ಟೇ: ಆ ಭಯವನ್ನು ಹಂಚಿಕೊಳ್ಳುವುದು. ಹೇಗೆ ಹಂಚಿಕೊಂಡರು ಎಂಬುದರ ಮೇಲೆ ಯೋಜನೆ ಗೆಲ್ಲುತ್ತದೆ ಅಥವಾ ಸೋಲುತ್ತದೆ.

ಮೊದಲ ಹೆಜ್ಜೆ: ವಿಳಾಸ ಕೊಡುವುದು

ಎಲ್ಲಕ್ಕಿಂತ ಹಳೆಯ ಸಹಕಾರ ಮಾಹಿತಿಯದು. ಬ್ರಿಟನ್ನಿನಲ್ಲಿ 1909ರಲ್ಲಿ ಇದಕ್ಕಾಗಿ ಕಾನೂನು ಬಂತು. 1910ರ ಫೆಬ್ರವರಿ 1ರಂದು ಸರ್ಕಾರಿ ಉದ್ಯೋಗ ವಿನಿಮಯ ಕಚೇರಿಗಳು ಬಾಗಿಲು ತೆರೆದವು. ಆಗ ವ್ಯಾಪಾರ ಖಾತೆ ನೋಡುತ್ತಿದ್ದವರು ವಿನ್‌ಸ್ಟನ್ ಚರ್ಚಿಲ್. ಅದರ ಹಿಂದಿನ ಯೋಚನೆ ವಿಲಿಯಂ ಬೆವರಿಜ್ ಅವರದು. ಅದಕ್ಕೂ ಮೊದಲು ಜನ ಕಾರ್ಖಾನೆಯಿಂದ ಕಾರ್ಖಾನೆಗೆ ಕಾಲು ಸವೆಸುತ್ತಾ ಅಲೆಯುತ್ತಿದ್ದರು. ಎಲ್ಲಿ ಆಳು ಬೇಕು ಎಂಬುದು ಒಂದೇ ಕಡೆ ಗೊತ್ತಾದರೆ ಆ ಅಲೆದಾಟ ತಪ್ಪುತ್ತದೆ ಎಂಬುದು ಲೆಕ್ಕ.

ಮುಂದೆ 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು. ಅದೇ ವರ್ಷ, ಅದರ ಎರಡನೆಯ ಒಪ್ಪಂದದಲ್ಲೇ, ದುಡ್ಡು ತೆಗೆದುಕೊಳ್ಳದ ಸರ್ಕಾರಿ ಉದ್ಯೋಗ ಕಚೇರಿಗಳು ಇರಬೇಕು ಎಂದು ಬರೆಯಲಾಯಿತು. 1948ರ ಒಪ್ಪಂದ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಈ ಕಚೇರಿಗಳಿಗೆ ಸಲಹೆ ಕೊಡುವ ಸಮಿತಿಗಳಲ್ಲಿ ಮಾಲೀಕರ ಪ್ರತಿನಿಧಿಗಳೂ ಕಾರ್ಮಿಕರ ಪ್ರತಿನಿಧಿಗಳೂ ಸಮಸಮನಾಗಿ ಕೂರಬೇಕು ಎಂದಿತು.

ಒಳ್ಳೆಯ ಯೋಚನೆಯೇ. ಆದರೆ ಮಾಹಿತಿಯಿಂದ ಅನುಮಾನ ಹೋಗುವುದಿಲ್ಲ. ಒಳ್ಳೆಯ ಹುದ್ದೆಗೆ ಮಾಲೀಕರು ಗೊತ್ತಿದ್ದವರ ಶಿಫಾರಸು ಕೇಳುತ್ತಾರೆ. ಬೇರೆಲ್ಲೂ ಜನ ಸಿಗದ ಹುದ್ದೆಗಳನ್ನು ಮಾತ್ರ ಸರ್ಕಾರಿ ಕಚೇರಿಗೆ ಕಳಿಸುತ್ತಾರೆ. ಅಲ್ಲಿ ಒಳ್ಳೆಯ ಕೆಲಸ ಸಿಗುವುದಿಲ್ಲ ಎಂದು ನುರಿತ ಕೆಲಸಗಾರರು ಅತ್ತ ಹೋಗುವುದೇ ಇಲ್ಲ. ಆಗ ಮಾಲೀಕರು "ನೋಡಿ, ಅಲ್ಲಿ ಒಳ್ಳೆಯವರು ಸಿಗಲ್ಲ" ಎನ್ನುತ್ತಾರೆ. ಈ ಸುಳಿಯಿಂದ ಹೊರಬರಲು ಬಹಳ ಕಡೆ ಉದ್ಯೋಗ ಕಚೇರಿಯವರೇ ಕಂಪನಿಗಳಿಗೆ ಹೋಗಿ ಕೂತು ಮಾತಾಡುವ ಕ್ರಮ ಬಂತು. ಕುರ್ಚಿಯಲ್ಲಿ ಕೂತು ಫಾರ್ಮ್ ತುಂಬಿಸುವ ಕಚೇರಿಗೂ, ಕಾರ್ಖಾನೆಯ ಒಳಗೆ ಹೋಗಿ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿ ಬರುವ ಕಚೇರಿಗೂ ತುಂಬಾ ವ್ಯತ್ಯಾಸ ಇದೆ.

ಸಂಬಳದಲ್ಲಿ ಪಾಲು

ಎರಡನೆಯ ದಾರಿ ಎಲ್ಲರಿಗೂ ಥಟ್ಟನೆ ಹೊಳೆಯುವಂಥದ್ದು. ನೀವು ಇವರನ್ನು ಕೆಲಸಕ್ಕೆ ತಗೊಳ್ಳಿ, ಸಂಬಳದ ಒಂದು ಭಾಗ ಸರ್ಕಾರ ಕೊಡುತ್ತದೆ. ಇದೇ ಸಂಬಳದ ಸಬ್ಸಿಡಿ. ಕೆಲವು ದೇಶಗಳಲ್ಲಿ ನೇರವಾಗಿ ಹಣ ಕೊಡುತ್ತಾರೆ, ಕೆಲವು ಕಡೆ ತೆರಿಗೆಯಲ್ಲಿ ಬಿಡುತ್ತಾರೆ. ಅಮೆರಿಕದಲ್ಲಿ 1996ರಲ್ಲಿ ಇಂಥದ್ದೊಂದು ತೆರಿಗೆ ರಿಯಾಯಿತಿ ಬಂತು. ಕೆಲಸ ಸಿಗುವುದು ಕಷ್ಟವಾಗಿರುವ ಗೊತ್ತುಪಡಿಸಿದ ಗುಂಪುಗಳವರನ್ನು ತೆಗೆದುಕೊಂಡರೆ, ಸಾಮಾನ್ಯವಾಗಿ ಮೊದಲ ವರ್ಷದ 6,000 ಡಾಲರ್ ಸಂಬಳದ 40 ಶೇಕಡಾ, ಅಂದರೆ 2,400 ಡಾಲರ್, ಕಂಪನಿಯ ತೆರಿಗೆಯಲ್ಲಿ ಕಳೆಯುತ್ತಿದ್ದರು. ಪೂರ್ತಿ ರಿಯಾಯಿತಿ ಬೇಕಿದ್ದರೆ ಆ ಕೆಲಸಗಾರರು ಕನಿಷ್ಠ 400 ಗಂಟೆ ದುಡಿದಿರಬೇಕಿತ್ತು. ಈ ಗಂಟೆಯ ಷರತ್ತು ಮುಖ್ಯ. ಅದಿಲ್ಲದಿದ್ದರೆ ಇವತ್ತು ತಗೊಂಡು ನಾಳೆ ಕಳಿಸಿಬಿಡಬಹುದು.

ಹಣ ಕೊಟ್ಟರೆ ಅನುಮಾನ ಕರಗುತ್ತದೆಯೇ? ಯಾವಾಗಲೂ ಇಲ್ಲ. 1980ರ ದಶಕದ ಶುರುವಿನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡೇಟನ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಸರ್ಕಾರದ ನೆರವಿನಲ್ಲಿ ಬದುಕುತ್ತಿದ್ದವರನ್ನು ಗುಂಪು ಮಾಡಿದರು. ಕೆಲವರ ಕೈಗೆ ಒಂದು ಚೀಟಿ ಕೊಟ್ಟರು. ಇವರನ್ನು ಕೆಲಸಕ್ಕೆ ತಗೊಂಡರೆ ನಿಮಗೆ ಸಬ್ಸಿಡಿ ಸಿಗುತ್ತದೆ ಎಂದು ಮಾಲೀಕರಿಗೆ ಹೇಳುವ ಚೀಟಿ. ಇನ್ನು ಕೆಲವರಿಗೆ ಚೀಟಿ ಇಲ್ಲ. ಚೀಟಿ ಇದ್ದವರಿಗೆ ಕೆಲಸ ಜಾಸ್ತಿ ಸಿಗಬೇಕಿತ್ತು. ಆದದ್ದು ತಿರುಗಾಮುರುಗಾ. ಚೀಟಿ ಇಲ್ಲದವರಿಗೇ ಹೆಚ್ಚು ಕೆಲಸ ಸಿಕ್ಕಿತು. ಅರ್ಥಶಾಸ್ತ್ರಜ್ಞ ಗ್ಯಾರಿ ಬರ್ಟ್‌ಲೆಸ್ 1985ರಲ್ಲಿ ಇದನ್ನು ವಿವರವಾಗಿ ಬರೆದರು. ಮಾಲೀಕರು ಆ ಚೀಟಿಯನ್ನು ಎಚ್ಚರಿಕೆಯ ಫಲಕದ ಹಾಗೆ ಓದಿಕೊಂಡಿರಬೇಕು ಎಂಬುದು ಅದರಿಂದ ಬಂದ ತಿಳಿವಳಿಕೆ. ಸರ್ಕಾರವೇ ದುಡ್ಡು ಕೊಟ್ಟು ದಾಟಿಸುತ್ತಿದೆ ಎಂದರೆ ಏನೋ ಕೊರತೆ ಇರಬೇಕು ಎಂದು ಅವರಿಗೆ ಅನಿಸಿರಬಹುದು.

ಈ ಪ್ರಯೋಗ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಸಹಾಯ ಮಾಡಲೆಂದೇ ಕೊಟ್ಟ ಕಾಗದ ಅದು. ಅದನ್ನು ಹಿಡಿದು ಬಾಗಿಲಿಗೆ ಹೋದವರು ಅದರಿಂದಲೇ ವಾಪಸ್ ಬಂದರು. ಒಬ್ಬ ಮನುಷ್ಯನಿಗೆ ಹಣೆಪಟ್ಟಿ ಹಚ್ಚಿ ಕಳಿಸುವುದಕ್ಕೂ, ಒಂದು ಹುದ್ದೆಯ ಖರ್ಚನ್ನು ಹಂಚಿಕೊಳ್ಳುವುದಕ್ಕೂ ಇರುವ ಅಂತರವನ್ನು ಯೋಜನೆ ಬರೆಯುವವರು ಮೊದಲು ಅರ್ಥ ಮಾಡಿಕೊಳ್ಳಬೇಕು.

ಸಬ್ಸಿಡಿಯ ಇನ್ನೆರಡು ತೊಂದರೆಗಳನ್ನು ಬೇಗ ಹೇಳಿಬಿಡುತ್ತೇನೆ. ಒಂದು, ಹೇಗೂ ತೆಗೆದುಕೊಳ್ಳುತ್ತಿದ್ದವರನ್ನೇ ತೆಗೆದುಕೊಂಡು ಕಂಪನಿ ಹಣ ಪಡೆಯಬಹುದು. ಆಗ ಹೊಸದಾಗಿ ಯಾರಿಗೂ ಕೆಲಸ ಸಿಕ್ಕಂತಾಗುವುದಿಲ್ಲ. ಎರಡು, ಸಬ್ಸಿಡಿ ಸಿಗುವವರನ್ನು ಒಳಗೆ ಕರೆದು ಹಳಬರನ್ನು ಹೊರಗೆ ಕಳಿಸಬಹುದು. ಅದಕ್ಕೇ ಒಳ್ಳೆಯ ಯೋಜನೆಗಳಲ್ಲಿ ಹೊಸ ಹುದ್ದೆಯೇ ಆಗಿರಬೇಕು, ಇತ್ತೀಚೆಗೆ ಯಾರನ್ನೂ ತೆಗೆದುಹಾಕಿರಬಾರದು ಎಂಬ ಷರತ್ತು ಇರುತ್ತದೆ.

ಬ್ರಿಟನ್ನಿನ ಕಿಕ್‌ಸ್ಟಾರ್ಟ್ ಯೋಜನೆಯನ್ನೇ ನೋಡಿ. ಕೊರೊನಾ ಕಾಲದಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಸರ್ಕಾರದ ಭತ್ಯೆಯ ಮೇಲಿದ್ದ 16ರಿಂದ 24 ವರ್ಷದವರಿಗೆ ಆರು ತಿಂಗಳ ಕೆಲಸ. ವಾರಕ್ಕೆ 25 ಗಂಟೆಯ ಕನಿಷ್ಠ ವೇತನವನ್ನು ಸರ್ಕಾರವೇ ಕೊಟ್ಟಿತು. ತರಬೇತಿ ಮತ್ತು ಇತರ ತಯಾರಿಗೆ ಒಬ್ಬರಿಗೆ 1,500 ಪೌಂಡ್ ಬೇರೆ. ಇಲ್ಲಿ ಸಬ್ಸಿಡಿ ಅಂಟಿಕೊಂಡದ್ದು ಹುದ್ದೆಗೆ. ಯಾರ ಕೈಯಲ್ಲೂ ಚೀಟಿ ಇರಲಿಲ್ಲ. ಆದರೆ ಶುರುವಿನಲ್ಲಿ ಒಂದು ನಿಯಮ ಇತ್ತು: 30ಕ್ಕಿಂತ ಕಡಿಮೆ ಹುದ್ದೆ ಕೊಡುವವರು ನೇರವಾಗಿ ಅರ್ಜಿ ಹಾಕುವಂತಿಲ್ಲ, ಮಧ್ಯೆ ಒಂದು ಸಂಸ್ಥೆಯ ಮೂಲಕ ಬರಬೇಕು. ಎಲ್ಲೋ ಒಬ್ಬರನ್ನೋ ಇಬ್ಬರನ್ನೋ ತಗೊಳ್ಳಬಲ್ಲ ಸಣ್ಣ ಅಂಗಡಿಗೆ, ಸಣ್ಣ ವರ್ಕ್‌ಶಾಪಿಗೆ ಇದು ತೊಡಕು. 2021ರ ಫೆಬ್ರವರಿಯಲ್ಲಿ ಆ ನಿಯಮ ತೆಗೆದರು. 2,50,000 ಹುದ್ದೆಗಳ ಗುರಿ ಇಟ್ಟುಕೊಂಡಿದ್ದರು. ಕೊನೆಗೆ ಕೆಲಸ ಶುರು ಮಾಡಿದವರು 1,60,000ಕ್ಕಿಂತ ಸ್ವಲ್ಪ ಜಾಸ್ತಿ. ಮಾರುಕಟ್ಟೆ ನಿರೀಕ್ಷೆಗಿಂತ ಬೇಗ ಚೇತರಿಸಿಕೊಂಡದ್ದೂ ಇದಕ್ಕೆ ಒಂದು ಕಾರಣ.

ಸಹಾಯ ಪಡೆಯದವರ ಬಗ್ಗೆಯೂ ಯೋಚಿಸಬೇಕು. ಫ್ರಾನ್ಸಿನಲ್ಲಿ ಎಸ್ತೆರ್ ಡ್ಯುಫ್ಲೋ ಮತ್ತು ಜೊತೆಗಾರರು 235 ಪ್ರದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದರು. ಓದಿದ, ಆದರೆ ಕೆಲಸವಿಲ್ಲದ ಯುವಜನರಿಗೆ ಕೆಲಸ ಹುಡುಕಲು ವಿಶೇಷ ಸಹಾಯ ಕೊಡುವ ಯೋಜನೆ. ಕೆಲವು ಕಡೆ ಎಲ್ಲರಿಗೂ ಕೊಟ್ಟರು, ಕೆಲವು ಕಡೆ ಅರ್ಧ ಜನರಿಗೆ, ಕೆಲವು ಕಡೆ ಯಾರಿಗೂ ಇಲ್ಲ. ಸಹಾಯ ಸಿಕ್ಕವರಿಗೆ ಸ್ಥಿರವಾದ ಕೆಲಸ ಬೇಗ ಸಿಕ್ಕಿತು. ಆದರೆ ಅದೇ ಪ್ರದೇಶದಲ್ಲಿ ಸಹಾಯ ಸಿಗದವರ ಸ್ಥಿತಿ ಸ್ವಲ್ಪ ಕೆಟ್ಟಿತು. ಅಂದರೆ ಆ ಗೆಲುವಿನ ಒಂದು ಪಾಲು ಪಕ್ಕದವರ ಸರದಿಯನ್ನು ಕಿತ್ತುಕೊಂಡದ್ದು. ಕೆಲಸಗಳೇ ಕಡಿಮೆ ಇದ್ದ ಕಡೆ ಇದು ಇನ್ನೂ ಜೋರಾಗಿತ್ತು. ಸಾಲಿನಲ್ಲಿ ಯಾರು ಮುಂದೆ ನಿಲ್ಲಬೇಕು ಎಂದು ಬದಲಿಸುವುದರಿಂದ ಸಾಲು ಚಿಕ್ಕದಾಗುವುದಿಲ್ಲ. ಸಾಲು ಚಿಕ್ಕದಾಗಬೇಕಾದರೆ ಜನ ಸಿಗದೆ ಖಾಲಿ ಉಳಿದಿರುವ ಹುದ್ದೆಗಳಿಗೆ ಜನರನ್ನು ಸಿದ್ಧ ಮಾಡಬೇಕು.

ಮಾಲೀಕರನ್ನು ಯಾವಾಗ ಕರೆಯಬೇಕು?

ನನ್ನ ಪ್ರಕಾರ ಇಡೀ ವಿಷಯದ ಕೀಲಿ ಈ ಪ್ರಶ್ನೆಯಲ್ಲಿದೆ. ಬಹಳಷ್ಟು ತರಬೇತಿ ಯೋಜನೆಗಳು ಹೀಗೆ ನಡೆಯುತ್ತವೆ: ಮೊದಲು ಕೋರ್ಸ್ ಮಾಡುತ್ತಾರೆ, ಸರ್ಟಿಫಿಕೇಟ್ ಕೊಡುತ್ತಾರೆ, ಆಮೇಲೆ ಉದ್ಯೋಗ ಮೇಳ ಮಾಡಿ ಕಂಪನಿಗಳನ್ನು ಕರೆಯುತ್ತಾರೆ. ಆ ಹೊತ್ತಿಗೆ ಕಂಪನಿಯವರಿಗೆ ಆ ಕೋರ್ಸಿನಲ್ಲಿ ಏನು ಕಲಿಸಿದ್ದಾರೆ ಎಂಬುದೇ ಗೊತ್ತಿರುವುದಿಲ್ಲ. ಅನುಮಾನ ಇದ್ದಲ್ಲೇ ಇರುತ್ತದೆ.

ಇದನ್ನು ತಿರುಗಿಸಿ ಮಾಡಿದ ಒಂದು ಊರಿನ ಕತೆ ಇದೆ. ಅಮೆರಿಕದ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ 1990ರಲ್ಲಿ ಲೆವಿ ಸ್ಟ್ರಾಸ್ ಕಂಪನಿಯ ಬಟ್ಟೆ ಕಾರ್ಖಾನೆ ಮುಚ್ಚಿತು. ಸುಮಾರು ಸಾವಿರ ಜನ ಕೆಲಸ ಕಳೆದುಕೊಂಡರು. ಅದೇ ಊರಿನ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಸಿಗುತ್ತಿರಲಿಲ್ಲ. ಹೊಲಿಗೆ ಕೆಲಸ ಕಳೆದುಕೊಂಡವರಿಗೆ ಆ ಹುದ್ದೆಗೆ ಹೋಗುವ ದಾರಿ ಗೊತ್ತಿರಲಿಲ್ಲ. ಊರಿನ ಜನಸಂಘಟನೆಗಳು ಮುಂದೆ ಬಂದವು. ಮೊದಲು ಮಾಲೀಕರ ಹತ್ತಿರ ಹೋಗಿ ನಿಮಗೆ ಎಂಥವರು ಬೇಕು, ಎಷ್ಟು ಜನ ಬೇಕು, ಎಷ್ಟು ಸಂಬಳ ಕೊಡುತ್ತೀರಿ ಎಂದು ಕೇಳಿದವು. ಸರ್ಕಾರದಿಂದ ಹಣ ತಂದವು. 1990ರ ದಶಕದ ಮೊದಲ ವರ್ಷಗಳಲ್ಲಿ ಪ್ರಾಜೆಕ್ಟ್ ಕ್ವೆಸ್ಟ್ ಎಂಬ ತರಬೇತಿ ಯೋಜನೆ ಹೀಗೆ ಶುರುವಾಯಿತು.

ಸೇರಿದವರನ್ನು ಸ್ಥಳೀಯ ಕಾಲೇಜುಗಳಲ್ಲಿ ಓದಿಸಿದರು. ಹೆಚ್ಚಿನವರು ಆರಿಸಿಕೊಂಡದ್ದು ಆರೋಗ್ಯ ಕ್ಷೇತ್ರ. ಫೀಸು, ಪುಸ್ತಕ, ಮಗುವನ್ನು ನೋಡಿಕೊಳ್ಳುವ ಖರ್ಚು, ಓಡಾಟದ ಖರ್ಚು, ಎಲ್ಲದಕ್ಕೂ ನೆರವು. ವಾರಕ್ಕೊಮ್ಮೆ ಸಲಹೆಗಾರರ ಜೊತೆ ಭೇಟಿ. ಓದುವ ಕಾಲದಲ್ಲಿ ಅವರ ಸಂಪಾದನೆ ಕಡಿಮೆಯೇ ಆಯಿತು. ಒಂದೇ ವರ್ಷದ ಲೆಕ್ಕ ನೋಡಿದ್ದರೆ ಈ ಯೋಜನೆ ಸೋತಿದೆ ಎಂದು ಬರೆದುಬಿಡಬಹುದಿತ್ತು. ಆದರೆ ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಇದರಲ್ಲಿ ಓದಿದವರ ಸಂಪಾದನೆ ಹತ್ತು ವರ್ಷ ದಾಟಿದ ಮೇಲೂ ಉಳಿದವರಿಗಿಂತ ಮೇಲಿತ್ತು. ಉದ್ಯೋಗ ತರಬೇತಿಯ ಲೋಕದಲ್ಲಿ ಇಷ್ಟು ಕಾಲ ಉಳಿಯುವ ಫಲ ಅಪರೂಪ.

ಇಲ್ಲಿ ಆಸ್ಪತ್ರೆಗಳಿಗೆ ಸಂಬಳದ ಸಬ್ಸಿಡಿ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ. ಅವರು ಕೇಳಿದ್ದನ್ನೇ ಕಲಿತವರು ಬಂದರು. ಅನುಮಾನಕ್ಕೆ ಜಾಗವೇ ಕಡಿಮೆಯಾಗಿತ್ತು.

ಮಾಲೀಕರನ್ನು ಇನ್ನೂ ಮೊದಲೇ ಒಳಗೆ ತಂದದ್ದು ಜರ್ಮನಿ. ಅಲ್ಲಿ ಶಾಲೆ ಮುಗಿಸಿದ ಹುಡುಗ ಅಥವಾ ಹುಡುಗಿ ನೇರವಾಗಿ ಒಂದು ಕಂಪನಿಯ ಜೊತೆ ಅಪ್ರೆಂಟಿಸ್ ಒಪ್ಪಂದ ಮಾಡಿಕೊಳ್ಳುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ ಕೆಲಸ, ಒಂದೆರಡು ದಿನ ವೃತ್ತಿ ಶಾಲೆಯಲ್ಲಿ ಪಾಠ. ಸಾಮಾನ್ಯವಾಗಿ ಎರಡರಿಂದ ಮೂರೂವರೆ ವರ್ಷ. ತಿಂಗಳ ಭತ್ಯೆ ಕೊಡುವುದು ಕಂಪನಿ. ಶಾಲೆಯ ಖರ್ಚು ಸರ್ಕಾರದ್ದು. ಇಂಥ 300ಕ್ಕೂ ಹೆಚ್ಚು ವೃತ್ತಿಗಳಿವೆ. ಯಾವ ವೃತ್ತಿಯಲ್ಲಿ ಏನು ಕಲಿಸಬೇಕು ಎಂಬುದನ್ನು ಮಾಲೀಕರ ಸಂಘ, ಕಾರ್ಮಿಕ ಸಂಘ, ಸರ್ಕಾರ ಮೂವರೂ ಕೂತು ತೀರ್ಮಾನಿಸುತ್ತಾರೆ. ಪರೀಕ್ಷೆ ನಡೆಸುವುದು ವಾಣಿಜ್ಯ ಮಂಡಳಿಗಳು. 1969ರ ಕಾನೂನು ಇದಕ್ಕೆ ಇಡೀ ದೇಶಕ್ಕೆ ಒಂದೇ ಚೌಕಟ್ಟು ಕೊಟ್ಟಿತು.

ಮೂರು ವರ್ಷ ಕಣ್ಣೆದುರೇ ಕೆಲಸ ಮಾಡಿದವರ ಬಗ್ಗೆ ಏನು ಅನುಮಾನ ಉಳಿದೀತು? ಕಲಿತವರಲ್ಲಿ ಹೆಚ್ಚಿನವರು ಅದೇ ಕಂಪನಿಯಲ್ಲಿ ಉಳಿಯುತ್ತಾರೆ. ಬಿಟ್ಟು ಹೋದರೂ ಅವರ ಸರ್ಟಿಫಿಕೇಟ್ ದೇಶದ ಎಲ್ಲ ಕಡೆ ನಡೆಯುತ್ತದೆ. ಬೇರೆ ಬೇರೆ ದೇಶಗಳು ಇದನ್ನು ತಮ್ಮಲ್ಲಿ ತರಲು ನೋಡಿವೆ, ಆದರೆ ಸುಲಭವಾಗಿ ಬೇರು ಬಿಡುವುದಿಲ್ಲ. ಯಾಕೆಂದರೆ ಇದು ನಿಂತಿರುವುದು ಕಂಪನಿಗಳು ಒಗ್ಗಟ್ಟಾಗಿ ಗುಣಮಟ್ಟ ಕಾಯುವ ಅಭ್ಯಾಸದ ಮೇಲೆ. ಅಂಥ ಅಭ್ಯಾಸ ಒಂದು ಆದೇಶದಿಂದ ಬರುವುದಿಲ್ಲ. ಇದಕ್ಕೆ ಮಿತಿಯೂ ಇದೆ. ನಲವತ್ತೈದರಲ್ಲಿ ಕೆಲಸ ಕಳೆದುಕೊಂಡವರಿಗೆ ಮೂರು ವರ್ಷ ಅಪ್ರೆಂಟಿಸ್ ಆಗುವಷ್ಟು ಪುರಸೊತ್ತು ಇರುವುದಿಲ್ಲ.

ಕೆಲಸ ಹೋಗುವ ಮುಂಚೆಯೇ

ಕೆಲಸ ಹೋದ ಮೇಲೆ ಹುಡುಕಿ ಕೊಡುವುದಕ್ಕಿಂತ, ಹೋಗದ ಹಾಗೆ ನೋಡಿಕೊಳ್ಳುವುದು ಸುಲಭ. ಜರ್ಮನಿಯಲ್ಲೇ ಇನ್ನೊಂದು ವ್ಯವಸ್ಥೆ ಇದೆ, ಕುರ್ಟ್ಸ್‌ಆರ್ಬೈಟ್ ಎನ್ನುತ್ತಾರೆ, ಅಂದರೆ ಕಡಿಮೆ ಹೊತ್ತಿನ ಕೆಲಸ. ವ್ಯಾಪಾರ ಬಿದ್ದಾಗ ಕಂಪನಿ ಜನರನ್ನು ತೆಗೆಯದೆ ಅವರ ಗಂಟೆಗಳನ್ನು ಕಡಿಮೆ ಮಾಡುತ್ತದೆ. ಹೋದ ಕೈಸಂಬಳದ 60 ಶೇಕಡಾ, ಮಕ್ಕಳಿದ್ದರೆ 67 ಶೇಕಡಾ, ಉದ್ಯೋಗ ವಿಮೆಯಿಂದ ಬರುತ್ತದೆ. 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಇದರಡಿ ಇದ್ದರು. ಕೆಲಸಗಾರರೂ ಕಂಪನಿಯೂ ಒಬ್ಬರನ್ನೊಬ್ಬರು ಬಿಡಲಿಲ್ಲ. ಮತ್ತೆ ಆರ್ಡರ್ ಬಂದಾಗ ಹೊಸಬರನ್ನು ಹುಡುಕುವ ಪ್ರಶ್ನೆಯೇ ಇಲ್ಲ.

ಸ್ವೀಡನ್ನಿನವರು ಇನ್ನೊಂದು ರೀತಿ ಮಾಡಿದರು. 1974ರಲ್ಲಿ ಮಾಲೀಕರ ಸಂಘ ಮತ್ತು ಕಚೇರಿ ನೌಕರರ ಸಂಘಗಳು ಒಪ್ಪಂದ ಮಾಡಿಕೊಂಡು ಒಂದು ಮಂಡಳಿ ಕಟ್ಟಿದವು. ಒಪ್ಪಂದಕ್ಕೆ ಸೇರಿದ ಕಂಪನಿಗಳು ಸಂಬಳದ ಮೊತ್ತದ ಮೇಲೆ ಸಣ್ಣ ಪಾಲು ಕಟ್ಟುತ್ತವೆ. ಯಾರಿಗಾದರೂ ನೋಟಿಸ್ ಬಂತೆಂದರೆ ಆ ಮಂಡಳಿಯ ಸಲಹೆಗಾರರು ಆಗಲೇ ಜೊತೆಗೆ ನಿಲ್ಲುತ್ತಾರೆ. ಕೊನೆಯ ದಿನ ಮುಗಿದ ಮೇಲೆ ಬನ್ನಿ ಎನ್ನುವುದಿಲ್ಲ. ಮೊದಲ ಎಂಟು ತಿಂಗಳಲ್ಲೇ ಕರೆಗಳು ಇಳಿಯುತ್ತವೆ ಎಂದು ಮೇಲೆ ನೋಡಿದೆವಲ್ಲ, ಆ ಲೆಕ್ಕದಲ್ಲಿ ಒಂದೊಂದು ವಾರವೂ ಅಮೂಲ್ಯ.

ಯಾರು ಹಿಂದೆ ಉಳಿಯುತ್ತಾರೆ

ಜನರಿಗೆ ಕೆಲಸ ಹುಡುಕಿಕೊಡುವ ಹೊಣೆಯನ್ನು ಸರ್ಕಾರ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟು, ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿಯೂ ಇದೆ. ಬ್ರಿಟನ್ 2011ರಲ್ಲಿ ಇದನ್ನು ದೊಡ್ಡದಾಗಿ ಮಾಡಿತು. ಎಷ್ಟು ಜನ ಕೆಲಸಕ್ಕೆ ಸೇರಿ ಉಳಿದರೋ ಅಷ್ಟು ಹಣ. ಕಷ್ಟದಲ್ಲಿರುವವರಿಗೆ ಜಾಸ್ತಿ ದರವೂ ಇತ್ತು. ಆದರೂ ಬೇಗ ಕೆಲಸ ಸಿಗುವಂಥವರ ಮೇಲೆ ಗಮನ ಹೋಯಿತು, ಕಾಯಿಲೆ ಇರುವವರು, ಅಂಗವೈಕಲ್ಯ ಇರುವವರು ಮೂಲೆಗೆ ಸರಿದರು ಎಂಬ ಟೀಕೆ ಬಲವಾಗಿ ಬಂತು. ಹಾಲಿನ ಕೆನೆ ಮಾತ್ರ ತೆಗೆದುಕೊಂಡ ಹಾಗೆ. ಸಂಖ್ಯೆ ಮಾತ್ರ ನೋಡಿದರೆ ಹೀಗಾಗುವುದು ಸಹಜ.

ಹಾಗಾದರೆ ಕೆನೆಯಲ್ಲದವರಿಗೆ ಏನು ದಾರಿ? ತೀವ್ರ ಮಾನಸಿಕ ಕಾಯಿಲೆ ಇರುವವರಿಗಾಗಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ಒಂದು ಕ್ರಮ ರೂಪಿಸಿದರು. ಅಲ್ಲಿಯವರೆಗೆ ಇದ್ದ ರೂಢಿ ಹೀಗಿತ್ತು: ಮೊದಲು ತರಬೇತಿ, ಮೊದಲು ರಕ್ಷಣೆಯ ವಾತಾವರಣದಲ್ಲಿ ಅಭ್ಯಾಸ, ಸಿದ್ಧವಾದ ಮೇಲೆ ನಿಜವಾದ ಕೆಲಸ. ಬಹಳ ಜನರಿಗೆ ಆ "ಸಿದ್ಧವಾದ" ದಿನ ಬರುತ್ತಲೇ ಇರಲಿಲ್ಲ. ಇವರು ಅದನ್ನು ಉಲ್ಟಾ ಮಾಡಿದರು. ಕೆಲಸ ಮಾಡಬೇಕು ಎಂಬ ಆಸೆ ಇದ್ದರೆ ಸಾಕು, ನೇರವಾಗಿ ಸಾಮಾನ್ಯ ಕೆಲಸಕ್ಕೆ ಹುಡುಕಾಟ. ಕಲಿಯುವುದು ಕೆಲಸದ ಜಾಗದಲ್ಲೇ. ಜೊತೆಗೆ ಒಬ್ಬ ಉದ್ಯೋಗ ಸಹಾಯಕರು. ಅವರು ವೈದ್ಯರ ತಂಡದಲ್ಲೂ ಇರುತ್ತಾರೆ, ಮಾಲೀಕರ ಬಾಗಿಲಿಗೂ ಹೋಗುತ್ತಾರೆ.

ಯುರೋಪಿನ ಆರು ನಗರಗಳಲ್ಲಿ 312 ಜನರ ಮೇಲೆ ಇದನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಕ್ರಮದಲ್ಲಿದ್ದವರಲ್ಲಿ 55 ಶೇಕಡಾ ಜನ ಕನಿಷ್ಠ ಒಂದು ದಿನವಾದರೂ ಸಾಮಾನ್ಯ ಕೆಲಸಕ್ಕೆ ಹೋದರು. ಹಳೆಯ ಕ್ರಮದಲ್ಲಿದ್ದವರಲ್ಲಿ ಅದು 28 ಶೇಕಡಾ. ಒಂದು ದಿನ ಎಂದರೆ ಸಣ್ಣದು ಅನಿಸಬಹುದು. ವರ್ಷಗಟ್ಟಲೆ "ನಿಮ್ಮಿಂದ ಆಗಲ್ಲ" ಎಂದು ಕೇಳಿಸಿಕೊಂಡವರಿಗೆ ಅದು ಸಣ್ಣದಲ್ಲ.

ಈ ಕ್ರಮದಲ್ಲಿ ನೆರವಿಗೆ ಕೊನೆಯ ದಿನಾಂಕ ಇಲ್ಲ. ಕೆಲಸ ಸಿಕ್ಕ ದಿನ ಫೈಲ್ ಮುಚ್ಚುವುದಿಲ್ಲ. ಮೂರನೆಯ ತಿಂಗಳಲ್ಲಿ ಹೊಸಬರು ಎರಡು ದಿನ ಬರಲಿಲ್ಲ ಎಂದುಕೊಳ್ಳಿ. ಬೇರೆ ಕಡೆಯಾದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಇಲ್ಲಿ, ಕೆಲಸಗಾರರು ಮೊದಲೇ ಒಪ್ಪಿಗೆ ಕೊಟ್ಟಿದ್ದರೆ, ಮೇಲ್ವಿಚಾರಕರ ಹತ್ತಿರ ಆ ಸಹಾಯಕರ ನಂಬರ್ ಇರುತ್ತದೆ. ಅವರು ಫೋನ್ ಮಾಡುತ್ತಾರೆ. ಸಹಾಯಕರು ಆ ಮನೆಗೆ ಹೋಗಿ ಏನಾಯಿತು ಎಂದು ಕೇಳುತ್ತಾರೆ. ಬೆಳಗಿನ ಪಾಳಿ ಆಗುತ್ತಿಲ್ಲವೇ, ಮಾತ್ರೆಯಿಂದ ನಿದ್ದೆ ಜಾಸ್ತಿಯಾಗುತ್ತಿದೆಯೇ ಎಂದು ತಿಳಿದುಕೊಂಡು ಕಂಪನಿಗೆ ವಾಪಸ್ ಬಂದು, ಒಂದು ತಿಂಗಳು ಮಧ್ಯಾಹ್ನದ ಪಾಳಿ ಕೊಡಲಾಗುತ್ತದೆಯೇ ಎಂದು ಕೇಳುತ್ತಾರೆ.